ಚಾಳಿಯೋ, ರೂಢಿಯೋ? ಪದದಲ್ಲೇ ತೀರ್ಪಿದೆ

ಹುನಗುಂದ ತಾಲೂಕಿನ ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯ ಗುರಿ 24,000 ಹೆಕ್ಟೇರ್. ಅಲ್ಲೊಬ್ಬ ರೈತ ಹನಿ ಬಿಟ್ಟು ಹೊಲದ ತುಂಬ ನೀರು ಹಾಯಿಸಿದರೆ ಏನಂತೀವಿ?

'ಚಾಳಿ' ಅಂದ್ರೆ ತಪ್ಪು ರೈತನದೇ. 'ಹುಟ್ಟುಗುಣ' ಅಂದ್ರೆ ಕತೆ ಮುಗೀತು. ಅದು ಸುಟ್ಟರೂ ಹೋಗದು ಅಂತ ಗಾದೆಯೇ ಇದೆ. 'ರೂಢಿ' ಅಂದಾಗ ಮಾತ್ರ ಪ್ರಶ್ನೆ ಏಳುತ್ತೆ: ನೀರು ಹೇಳಿದ ಹೊತ್ತಿಗೆ ಬರುತ್ತಾ? ಪೈಪ್ ಒಡೆದರೆ ರಿಪೇರಿ ಯಾರದು?

'ಬೇರೂರಿದ' ಅನ್ನೋದೂ ಹಾಗೇ. ಬೇರಿದ್ದರೆ ಅದನ್ನು ಸಾಕುವ ಮಣ್ಣೂ ಇರುತ್ತೆ, ಕೀಳೋಕೂ ಬರುತ್ತೆ.

ಜಾತಿಯ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಅಸ್ಪೃಶ್ಯತೆ 'ರಕ್ತಗತ' ಅನ್ನೋರು ಕೈಚೆಲ್ಲಿ ಕೂರ್ತಾರೆ. ಸಂವಿಧಾನದ 17ನೇ ವಿಧಿ ನಿಷೇಧಿಸಿದ್ದು ಅದರ 'ಆಚರಣೆ'ಯನ್ನು. ರಕ್ತದ ಮೇಲೆ ಕೇಸು ಹಾಕೋಕಾಗಲ್ಲ. ಆಚರಣೆ ಮೇಲೆ ಹಾಕಬಹುದು.