ಚಳಿಗಾಲದಲ್ಲಿ ಹಿತ್ತಲಿಗೆ ಬರುವ ಜಿಂಕೆಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ರಾಗಿಯ ಕೊಯಿಲು ಮುಗಿದ ಮೇಲೆ, ರಾತ್ರಿ ಯಾವುದೋ ಪ್ರಾಣಿ ಹಿತ್ತಲನ್ನು ಮೇಯ್ದು ಹೋಯಿತೆಂಬ ದೂರು ಕಾಡಂಚಿನ ಮತ್ತು ಕಾವಲಂಚಿನ ಗ್ರಾಮಗಳಿಂದ ಬರುವುದುಂಟು. ಈ ಬಾಧೆಯನ್ನು ನಿವಾರಿಸುವ ಕ್ರಮವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಾವು ತಿಳಿದು ಇತರರಿಗೂ ತಿಳಿಸುವುದು ಅವಶ್ಯಕ.

ಬರುವ ಕಾರಣ:— ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬಯಲಿನ ಹುಲ್ಲು ಒಣಗಿ ನಾರಾಗುತ್ತದೆ. ಆಗ ಹಸಿರಾಗಿ ಉಳಿಯುವುದು ಅವರೆ, ಹುರುಳಿ ಮತ್ತು ನೀರುಣ್ಣುವ ಹಿತ್ತಲಿನ ಸೊಪ್ಪು ಮಾತ್ರ. ಹಿಂದೆ ಈ ಸೀಮೆಯ ಅಮೃತಮಹಲ್ ಕಾವಲುಗಳು ಕೃಷ್ಣಮೃಗಗಳಿಗೆ ಮೇವಿನ ನೆಲೆಯಾಗಿದ್ದುವು. ಅವುಗಳಲ್ಲಿ ಎಷ್ಟೋ ಭಾಗ ಸಾಗುವಳಿಗೂ ಇತರ ಕೆಲಸಗಳಿಗೂ ಹೋಗಿದೆ. ನೆರೆಯ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಗಿ ಘೋಷಿಸಲಾಯಿತು.

ಗುರುತು:— ಮೊದಲು ಬಂದ ಪ್ರಾಣಿ ಯಾವುದೆಂದು ನಿಶ್ಚಯಿಸಬೇಕು. ಮೊಲ ಕಡಿದ ಕುಡಿ ಕತ್ತಿಯಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಅದು ಕುಡಿಯನ್ನು ಹಿಡಿದು ಎಳೆಯುವುದರಿಂದ ತುದಿ ಹರಿದು ಸೀಳಿರುತ್ತದೆ. ಆಡು, ಕುರಿ, ದನಗಳ ಕಚ್ಚೂ ಹೀಗೆಯೇ ಇರುವುದು. ಆದುದರಿಂದ ಅವು ರಾತ್ರಿ ಕೊಟ್ಟಿಗೆಯಲ್ಲಿಯೇ ಇದ್ದುವೇ ಎಂದು ವಿಚಾರಿಸಿಕೊಂಡು ಅನಂತರ ಜಿಂಕೆಯ ಮೇಲೆ ದೋಷ ಹೊರಿಸತಕ್ಕದ್ದು. ಕೃಷ್ಣಮೃಗದ ಕೊಂಬು ಕವಲಿಲ್ಲದೆ ಸುರುಳಿಯಾಗಿದ್ದು ಎಂದಿಗೂ ಉದುರದು. ಚುಕ್ಕೆ ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ. ಚುಕ್ಕೆ ಜಿಂಕೆಯ ಗಂಡು ಎಳೆಯ ಮರಗಳಿಗೆ ಕೊಂಬು ಉಜ್ಜಿ ತೊಗಟೆಯನ್ನು ಕೆಡಿಸುವುದೂ ಉಂಟು.

ನಿವಾರಣೆ:— ನಾಲ್ಕಡಿಯ ಮುಳ್ಳುಬೇಲಿಯನ್ನು ಜಿಂಕೆ ಸುಲಭವಾಗಿ ನೆಗೆಯುತ್ತದೆ. ಏಳಡಿ ಎತ್ತರವಿದ್ದರೆ ಮೇಲು. ಅಷ್ಟು ಸಾಧ್ಯವಾಗದವರು ಬೇಲಿಯನ್ನು ಮರೆಯಾಗುವಂತೆ ಮಾಡಲಿ. ಆಚೆಯ ನೆಲ ಕಾಣದ ಕಡೆಗೆ ನೆಗೆಯಲು ಜಿಂಕೆ ಅನುಮಾನಿಸುತ್ತದೆ. ತೆಂಗಿನ ಗರಿಯ ತಡಿಕೆ, ಗೋಣಿತಟ್ಟು, ಹಳೆಯ ಸೀರೆ ಇವುಗಳಲ್ಲಿ ಯಾವುದಾದರೂ ಆದೀತು. ಶಾಶ್ವತವಾದ ಏರ್ಪಾಡಿಗೆ ಕತ್ತಾಳೆಯನ್ನೋ ಕಳ್ಳಿಯನ್ನೋ ನಡುವೆ ಅಂತರ ಬಿಟ್ಟು ಎರಡು ಸಾಲಾಗಿ ನೆಡಬೇಕು. ಮಾವು, ಹಲಸಿನ ಸಸಿಗಳಿಗೆ ಒಂದೊಂದಕ್ಕೂ ಬಿದಿರಿನ ಪಂಜರ ಕಟ್ಟಿದರೆ ತೊಗಟೆಯೂ ಉಳಿಯುತ್ತದೆ. ಒಂದು ಸಲ ರುಚಿ ಕಂಡ ಜಿಂಕೆ ಮರಳಿ ಬರುವುದರಿಂದ ಈ ಕೆಲಸಗಳನ್ನು ಕೊಯಿಲಿಗೆ ಮೊದಲೇ ಮುಗಿಸತಕ್ಕದ್ದು.

ಎಚ್ಚರಿಕೆ:— ಉರುಳು ಒಡ್ಡುವುದೂ ಬೇಲಿಗೆ ಕರೆಂಟು ಹಾಯಿಸುವುದೂ ಸರ್ವಥಾ ಕೂಡದು. ಉರುಳಿಗೆ ಕರುವೂ ಸಿಕ್ಕೀತು, ನಾಯಿಯೂ ಸಿಕ್ಕೀತು. ಕರೆಂಟಿನ ತಂತಿಗಾದರೋ ಅದನ್ನು ಎಳೆದ ರೈತನೇ, ಅವನ ಮನೆಯವರೇ ಬಲಿಯಾದ ಸಂಗತಿಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ಒಂದು ಚಪ್ಪರ ಅವರೆಗಾಗಿ ಒಂದು ಸಂಸಾರ ಹಾಳಾಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಎರಡು ಮೃಗಗಳ ಬೇಟೆಯೂ ಅಪರಾಧ. ಕೃಷ್ಣಮೃಗವನ್ನು ಕೊಂದವರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದೆ 7 ವರ್ಷಗಳವರೆಗೆ ಸೆರೆವಾಸವುಂಟು.

ಬೆಳೆ ನಷ್ಟವಾದಲ್ಲಿ ತಡಮಾಡದೆ ಪಹಣಿ ಮತ್ತು ಹಾನಿಯ ಚಿತ್ರಗಳೊಡನೆ ವಲಯ ಅರಣ್ಯಾಧಿಕಾರಿಗಳಿಗೆ ಪರಿಹಾರದ ಅರ್ಜಿ ಕೊಡತಕ್ಕದ್ದು. ಮುಖಂಡರು ಕಾರ್ತಿಕ ಮಾಸದಲ್ಲಿಯೇ ಊರವರನ್ನು ಸೇರಿಸಿ, ಸಡಿಲವಾದ ಬೇಲಿಗಳನ್ನು ಭದ್ರಪಡಿಸಿಸಿ, ಎಲ್ಲಿಯಾದರೂ ಕಳ್ಳತಂತಿ ಕಂಡರೆ ಅದೇ ದಿನ ತೆಗೆಯಿಸಬೇಕೆಂದು ಕೋರಲಾಗಿದೆ.