ಗರ್ಭಚೀಲ ಇಲ್ಲ, ತತ್ತಿ ಇವೆ

ಹಿರೇಕೆರೂರು ಸೀಮೆಯಲ್ಲಿ ಓರಗೆಯವರಿಗೆಲ್ಲ ಆರತಿಯಾಗಿ, ಹದಿನಾರು ತುಂಬಿದ ಹುಡುಗಿಯೊಬ್ಬಳು ಮುಟ್ಟಾಗದೆ ಉಳಿದರೆ ಕೇಳಿಬರುವ ಮಾತು ಎರಡೇ. "ಮದುವಿ ಮಾಡ್ರಿ, ತಾನ ಸರಿ ಹೋಗತೈತಿ." ತಗ್ಗಿದ ದನಿಯಲ್ಲಿ ಇನ್ನೊಂದು: "ಗಂಡು ಗುಣ ಐತೇನು?"

ಎರಡೂ ಸುಳ್ಳು. ಸುಮಾರು 5,000 ಹೆಣ್ಣುಕೂಸುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಗರ್ಭಚೀಲ ಬೆಳೆದಿರುವುದಿಲ್ಲ. ವೈದ್ಯರು ಎಂಆರ್‌ಕೆಎಚ್ ಎನ್ನುತ್ತಾರೆ. ವರ್ಣತಂತು ಹೆಣ್ಣಿನದೇ, ಅಂಡಾಶಯವೂ ಇರುತ್ತದೆ. ಹಾಗಾಗಿಯೇ ಎದೆಯೂ ಬೆಳೆದಿರುತ್ತದೆ. ಮುಟ್ಟು ಬರಿಸುವ ಗುಳಿಗೆಯ ಪಟ್ಟಿಗಳನ್ನು ಖಾಲಿ ಮಾಡಿಸಿ ಪ್ರಯೋಜನವಿಲ್ಲ, ಚೀಲವೇ ಇಲ್ಲದ ಮೇಲೆ ಬರುವುದಾದರೂ ಎಲ್ಲಿಂದ? ಸ್ಕ್ಯಾನಿಂಗ್ ಮಾಡಿಸಬೇಕು, ಮೂತ್ರಪಿಂಡವನ್ನೂ ನೋಡಿಸಬೇಕು, ಕೆಲವರಿಗೆ ಒಂದೇ ಇರುತ್ತದೆ. ತಾಯಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎನ್ನುವವರ ಮಾತು ಕೇಳುವ ತಾಳ್ಮೆ ನನಗಿಲ್ಲ.

ಚೀಲ ತೆಗೆಸಿಕೊಂಡವರ ಸಂಕಟ ನಮ್ಮ ಜಿಲ್ಲೆಗೆ ಗೊತ್ತು. ರಾಣೆಬೆನ್ನೂರಿನ ತಾಂಡಾಗಳ ಹೆಣ್ಣುಮಕ್ಕಳು ಆ ಸಂಕಟಕ್ಕೆ ನ್ಯಾಯ ಕೇಳಿ ಬೀದಿಗಿಳಿದರು. ಚೀಲವಿಲ್ಲದೆ ಹುಟ್ಟಿದವರ ಸುದ್ದಿ ಮಾತ್ರ ಮನೆಯ ಹೊಸ್ತಿಲು ದಾಟುವುದಿಲ್ಲ.

ತತ್ತಿ ಇರುವುದರಿಂದ ಇವರೂ ತಮ್ಮದೇ ಕೂಸು ಪಡೆಯಬಹುದು, ಹೊರಲು ಮಾತ್ರ ಇನ್ನೊಬ್ಬಳು ಬೇಕು. "ಬೇರೆಯವಳು ಹೆತ್ತರೆ ಕೂಸು ಅವಳದೇ ಅಲ್ಲವೇ?" ಅಲ್ಲ. ಹೆಂಡತಿಯ ತತ್ತಿ, ಗಂಡನ ವೀರ್ಯ ಸೇರಿಸಿ ಪ್ರಯೋಗಾಲಯದಲ್ಲಿ ಭ್ರೂಣ ಮಾಡಿ ಇನ್ನೊಬ್ಬಳ ಗರ್ಭದಲ್ಲಿ ಇಡುತ್ತಾರೆ. ಬ್ಯಾಡಗಿ ಮೆಣಸಿನ ಅಗಿಯನ್ನು ಯಾರ ಹೊಲದಲ್ಲಿ ಹಚ್ಚಿದರೂ ಬಿಡುವುದು ಬ್ಯಾಡಗಿಯೇ. ಹೊರುವವಳು ತನ್ನ ತತ್ತಿ ಕೊಡುವಂತೆಯೇ ಇಲ್ಲ. ಹೆಂಡತಿಯ ತತ್ತಿ ಸಿಗದಿದ್ದರೆ? 2023ರ ಅಕ್ಟೋಬರ್‌ನಲ್ಲಿ ಇಂಥದೇ ಸ್ಥಿತಿಯ ಹೆಣ್ಣುಮಗಳಿಗೆ ದಾನಿಯ ತತ್ತಿ ಬಳಸಲು ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. 2024ರ ಫೆಬ್ರುವರಿಯಲ್ಲಿ ಕೇಂದ್ರವೇ ನಿಯಮ ಸಡಿಲಿಸಿತು.

"ಬಾಡಿಗೆ ತಾಯಿ" ಎಂಬ ಹೆಸರೇ ಈಗ ತಪ್ಪು. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಬಾಡಿಗೆಗೆ ಜಾಗವಿಲ್ಲ. ಆಸ್ಪತ್ರೆ ಖರ್ಚು, 36 ತಿಂಗಳ ವಿಮೆ, ಅಷ್ಟೇ. ಹಣ ಕೊಟ್ಟು ಹೊರಿಸಿದರೆ ಜೈಲು. ಹೊರುವವಳು 25ರಿಂದ 35ರೊಳಗಿನವಳು, ಮದುವೆಯಾದವಳು, ಸ್ವಂತ ಮಗುವಿದ್ದವಳು ಆಗಿರಬೇಕು. ಬದುಕಿನಲ್ಲಿ ಒಮ್ಮೆ ಮಾತ್ರ ಹೊರಬಹುದು.

ಕಸಿಯೂ ಉಂಟು. ಪುಣೆಯಲ್ಲಿ 2017ರಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ತಂಡ ತಾಯಿಯ ಗರ್ಭಕೋಶವನ್ನು ಮಗಳಿಗೆ ಕೂರಿಸಿತು, ಮರುವರ್ಷ ಕೂಸು ಹುಟ್ಟಿತು. ಆದರೆ ಅದು ಕೈಗೆಟಕುವ ದಾರಿಯಲ್ಲ.

ನಮ್ಮ ಕಡೆ ಹೊರಲು ಒಪ್ಪುವವಳು ಬಹುಮಟ್ಟಿಗೆ ಅಕ್ಕನೋ ನಾದಿನಿಯೋ ಆಗಿರುತ್ತಾಳೆ. ಅವಳ ಕುಬಸ ಯಾವ ಮನೆಯಲ್ಲಿ, ಉಡಿ ತುಂಬುವುದು ಯಾರಿಗೆ ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ಅದನ್ನು ಅವರವರೇ ಕೂತು ಮಾತಾಡಿಕೊಳ್ಳಬೇಕು.