ಮೂಳೆ ಟೊಳ್ಳಾದವಳಿಗೆ ಮಂಚವೇ ಮದ್ದೆ?

ಅಸ್ಥಿರಂಧ್ರತೆಯೆಂದು ವೈದ್ಯರು ಹೇಳಿದ ದಿನದಿಂದ ಮನೆಯ ಹಿರಿಯಳನ್ನು ಮಂಚದ ಮೇಲೆ ಕೂರಿಸಿ, ಕೈಯಲ್ಲಿದ್ದ ಬಿಂದಿಗೆಯನ್ನು ಕಸಿದುಕೊಂಡು, "ನೀವು ಏಳಬೇಡೀಮ್ಮ, ಮೂಳೆ ಮುರಿದೀತು" ಎಂದು ಮಕ್ಕಳೂ ಸೊಸೆಯರೂ ಕಾವಲು ನಿಲ್ಲುವುದನ್ನು ಕಂಡಾಗಲೆಲ್ಲ ನನಗೆ ವ್ಯಥೆಯೂ ಅಸಹನೆಯೂ ಒಟ್ಟಿಗೇ ಉಂಟಾಗುತ್ತವೆ. ವಿಶ್ರಾಂತಿಯು ಮೂಳೆಯನ್ನು ಕಾಯುವುದೆಂಬ ನಂಬಿಕೆ ಸುಳ್ಳು ಮಾತ್ರವಲ್ಲ, ಅಪಾಯಕರವೂ ಹೌದು. ವೃದ್ಧಾಪ್ಯದ ಸೊಂಟಮುರಿತಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವು ಬಿದ್ದುದರ ಫಲ. ಎಡವಿದ ಕ್ಷಣದಲ್ಲಿ ಇನ್ನೊಂದು ಕಾಲನ್ನು ಮುಂದಿರಿಸಿ ದೇಹವನ್ನು ಹಿಡಿದು ನಿಲ್ಲಿಸುವುವು ತೊಡೆಯ, ಮೀನಖಂಡದ ಸ್ನಾಯುಗಳು. ಕುಳಿತೇ ಇರುವವಳಲ್ಲಿ ಬೇಗನೆ ಕ್ಷೀಣಿಸುವುವೂ ಅವೇ.

ವಯಸ್ಸಾದ ಮೇಲೆ ಸ್ನಾಯು ಬಲಿಯಲಾರದೆನ್ನುವವರು 1990ರಲ್ಲಿ ಬಾಸ್ಟನ್ ನಗರದ ಒಂದು ವೃದ್ಧರ ಆರೈಕೆಮನೆಯಲ್ಲಿ ನಡೆದ ಪ್ರಯೋಗವನ್ನು ಗಮನಿಸಬೇಕು: ತೊಂಬತ್ತರ ಆಸುಪಾಸಿನ ದುರ್ಬಲ ವೃದ್ಧರು ಎಂಟು ವಾರ ಭಾರದ ವ್ಯಾಯಾಮ ಮಾಡಲು, ಅವರ ಕಾಲಿನ ಬಲವು ಇಮ್ಮಡಿಯನ್ನೂ ಮೀರಿತು. ಆಸ್ಟ್ರೇಲಿಯದಲ್ಲಿ ಮೂಳೆಸಾಂದ್ರತೆ ಕುಂದಿದ ನೂರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ತಜ್ಞರ ಕಣ್ಣೆದುರಿನಲ್ಲಿ ವಾರಕ್ಕೆರಡು ಬಾರಿ, ಅರ್ಧ ಗಂಟೆಯಂತೆ, ಎಂಟು ತಿಂಗಳು ಭಾರವೆತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇಕಡ 2.9ರಷ್ಟು ಏರಿತು, ಹಗುರ ವ್ಯಾಯಾಮಕ್ಕೇ ನಿಂತವರದು ಶೇಕಡ 1.2ರಷ್ಟು ಇಳಿಯಿತು. ಹಾಗೆಂದು ಇಂದೇ ಅಕ್ಕಿಮೂಟೆಗೆ ಕೈಹಾಕಬೇಕೆಂದು ನಾನು ಹೇಳುತ್ತಿಲ್ಲ. ಬೆನ್ನುಮೂಳೆ ಟೊಳ್ಳಾದವರು ಬೆನ್ನು ಬಾಗಿಸಿ ಭಾರವೆತ್ತುವುದರಿಂದ ಕಶೇರುಗಳು ಕುಸಿಯಬಹುದಾದ್ದರಿಂದ, ಭೌತಚಿಕಿತ್ಸಕರಿಂದ ಕಲಿತೇ ತೊಡಗಬೇಕು. ಕುರ್ಚಿಯಿಂದ ಕೈಯೂರದೆ ಐದು ಬಾರಿ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲು ಸೋತಿದೆಯೆಂದೇ ತಿಳಿಯಬೇಕು, ಮತ್ತು ಅದೇ ಎದ್ದು ಕೂರುವಿಕೆಯೇ ಮೊದಲ ವ್ಯಾಯಾಮವೂ ಆಗಬಹುದು.

ಸಂಜೆಯ ನಡಿಗೆಯೊಂದೇ ಸಾಕೆಂಬುದೂ ಪೂರ್ಣ ಸತ್ಯವಲ್ಲ. ಬಲಕ್ಕೂ ಸಮತೋಲಕ್ಕೂ ಬೇರೆಯೇ ಅಭ್ಯಾಸ ಬೇಕು. ನೋವಿಲ್ಲದಿದ್ದರೆ ಮೂಳೆ ಗಟ್ಟಿಯೆನ್ನುವುದು ತಪ್ಪು, ಮುರಿಯುವವರೆಗೂ ಈ ರೋಗ ಮೌನಿ. ರಾಗಿ, ಹಾಲು ಒಳ್ಳೆಯವು, ಆದರೆ ಔಷಧಕ್ಕೆ ಬದಲಲ್ಲ.

ಯಾರೋ ಕಳುಹಿಸಿದ ಸಂದೇಶವನ್ನು ನಂಬಿ ಮೂಳೆ ಬೆಳೆಸುವ ತೈಲಕ್ಕೆ ಸಾವಿರಗಟ್ಟಲೆ ಸುರಿಯುವ ವಿದ್ಯಾವಂತ ಕುಟುಂಬಗಳೇ, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಲು, ನಡುಮನೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ದೀಪ ಉರಿಸಲು, ಅಮ್ಮನ ನಿದ್ರೆಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲು ವರ್ಷಗಟ್ಟಲೆ ಮುಂದೂಡುತ್ತಿರುವುದನ್ನು ಕಂಡರೆ ನನಗೆ ಸಹಿಸಲಾಗದು.